ಹತ್ತನೆಯ ಕ್ಯಾಸೆಟ್

ಫೆಬ್ರವರಿ ೯

ಒಂಟೆ,

ಈ ಹೆಸರಿನಿಂದ ನಿನ್ನನ್ನು ಕರೆದು ಇಪ್ಪತ್ತೆರಡು ವರ್ಷವಾಯಿತು. ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರಬೇಕು. ಗೊತ್ತಾಗದಿದ್ದರೆ ನಿಮ್ಮ ಅಣ್ಣನ ಅಂಗಡಿಯಲ್ಲೇ ಒಂದು ಕನ್ನಡಕ ಮಾಡಿಸಿಕೋ. ಅಂಗಡಿ ಇನ್ನೂ ಅಲ್ಲೇ ಇದೆ, ನೀನು ಒಳಕೋಣೆಯಲ್ಲಿ ಗಾಜು ಸಾಣೆ ಹಿಡಿಯುತ್ತಿದ್ದೀಯ ಎಂದು ಆ ಕಡೆಯಿಂದ ಬಂದ ಡ್ರೈವರ್ ಒಬ್ಬರು ಹೇಳಿದರು. ನಾನು ಇಲ್ಲಿ ಬಸ್ ನಿಲ್ದಾಣದಲ್ಲಿ ಬಸ್ಸು ಕೂಗುತ್ತೇನೆ. ಹೌದು, ಮೈಕಿನಲ್ಲಿ. ಸ್ಕೂಲಿನಲ್ಲಿ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರಲ್ಲ, ಈಗ ಅದಕ್ಕೇ ಸಂಬಳ ಕೊಡುತ್ತಾರೆ.

ವಿಷಯಕ್ಕೆ ಬರುತ್ತೇನೆ. ನಮ್ಮ 'ಎಡಗಾಲು ಮೊದಲು' ನೆನಪಿದೆ ತಾನೆ? ಬುಧವಾರ ಸಂಜೆ ಐದೂವರೆಗೆ ನಮ್ಮ ಮನೆಯ ಟಿವಿಯಲ್ಲಿ ಬರುತ್ತಿದ್ದದ್ದು. ಕವಾಯತಿನ ತಂಡಕ್ಕೆ ಸೇರಿಯೂ ಒಬ್ಬರಿಗೂ ಹೆಜ್ಜೆ ಕೂಡದ ಆ ಹೈಸ್ಕೂಲು ಮಕ್ಕಳು. ಕೈಕಾಲು ಎಲ್ಲಿಡಬೇಕೆಂದೇ ತಿಳಿಯದ ಉದ್ದನೆಯ ಏಣಿ, ಅವಳ ಸೊಂಟಕ್ಕೆ ಬರುವ ಗೇಣು, ಹುಡುಗಿಯರ ಹತ್ತಿರ ಮಾತಾಡಿದರೆ ಬಿಕ್ಕಳಿಕೆ ಬರುವ ಆ ಹುಡುಗ. ಹತ್ತೇ ಹತ್ತು ಕಂತು. ಹನ್ನೊಂದನೆಯ ಬುಧವಾರ ಟಿವಿ ಹಾಕಿದರೆ, ಹಲ್ಲು ಉಜ್ಜುವುದು ಹೇಗೆಂದು ಯಾರೋ ಡಾಕ್ಟರು ಪಾಠ ಮಾಡುತ್ತಿದ್ದರು.

ಟಿವಿ ಕೇಂದ್ರದವರು ಆ ಟೇಪುಗಳ ಮೇಲೆ ಬೇರೇನೋ ರೆಕಾರ್ಡ್ ಮಾಡಿಬಿಟ್ಟಿದ್ದಾರಂತೆ. ಚಿತ್ರ ಒಂದೂ ಉಳಿದಿಲ್ಲ. ಉಳಿದಿರುವುದು ಏನಿದ್ದರೂ ನೀನು ನಿಮ್ಮ ಅಣ್ಣನ ಟೇಪ್ ರೆಕಾರ್ಡರ್ ಹೊತ್ತು ತಂದು, ನಮ್ಮ ಟಿವಿ ಮುಂದೆ ಸ್ಟೂಲಿನ ಮೇಲಿಟ್ಟು ಹಿಡಿದ ಸದ್ದು ಮಾತ್ರ. ಒಂದು, ಮೂರು, ಐದು, ಏಳು, ಒಂಬತ್ತು ನನ್ನ ಹತ್ತಿರ ಇವೆ. ಸಮಸಂಖ್ಯೆಯವೆಲ್ಲ ನಿನ್ನ ಹತ್ತಿರ.

ಇಲ್ಲಿ ನಮ್ಮ ಬೀದಿಯ ಲೈಬ್ರರಿಯಲ್ಲಿ ಕೆಲಸ ಮಾಡುವವಳೊಬ್ಬಳು ಎರಡು ವರ್ಷದಿಂದ ಗೆಳತಿಯಾಗಿದ್ದಾಳೆ. ಅವಳಿಗೂ ಆ ಧಾರಾವಾಹಿಯ ಹುಚ್ಚು. ಶುರುವಿನ ಸಂಗೀತವನ್ನು ಬಾಯಲ್ಲೇ ನುಡಿಸುತ್ತಾಳೆ! ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಒಂಬತ್ತು ಜನ ಸೇರುತ್ತೇವೆ. ಮೇ ತಿಂಗಳಲ್ಲಿ ಹತ್ತೂ ಕಂತನ್ನು ಒಟ್ಟಿಗೆ ಕೇಳಬೇಕೆಂದು ಆಸೆ. ನಿನ್ನ ಐದು ಕ್ಯಾಸೆಟ್ ಕಳುಹಿಸುತ್ತೀಯಾ? ಪ್ರತಿ ಮಾಡಿಕೊಂಡು ಹಾಗೇ ಹಿಂದಿರುಗಿಸುತ್ತೇವೆ. ಲೈಬ್ರರಿಯವಳು ಥೇಟ್ ನಿನ್ನ ಹಾಗೇ ಕಣೇ, ಸ್ವಲ್ಪ ಜಾಸ್ತಿ ನಗುತ್ತಾಳೆ ಅಷ್ಟೇ.

ನಾವಿಬ್ಬರೂ ಮಾತು ಬಿಟ್ಟದ್ದು ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೆ ವರ್ಗವಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಎರಡು ಕಾಗದ ಬರೆದೆ. ನೀನು ಉತ್ತರಿಸಲಿಲ್ಲ. ಇದು ಮೂರನೆಯದು.

ಮೂರಕ್ಕೆ ಮುಕ್ತಾಯ ಮಾಡಬೇಡ,
ಗುಬ್ಬಿ


ಫೆಬ್ರವರಿ ೧೬

ಗುಬ್ಬಿ,

ಕೊಡುವುದಿಲ್ಲ.

ಒಂಟೆ


ಫೆಬ್ರವರಿ ೧೮

ಗುಬ್ಬೀ,

ಮೊನ್ನೆ ಒಂದೇ ಮಾತು ಬರೆದು ಡಬ್ಬಕ್ಕೆ ಹಾಕಿ ಬಂದೆ. ಬರುವ ದಾರಿಯಲ್ಲೇ ಇನ್ನೂ ನಲವತ್ತು ಮಾತು ಹೊಳೆದವು. ಎರಡು ದಿನ ತಡೆದುಕೊಂಡೆ, ಆಗಲಿಲ್ಲ.

'ನೆನಪಿದೆ ತಾನೆ' ಎಂದು ನನ್ನನ್ನು ಕೇಳುತ್ತೀಯಲ್ಲ, ನಿನ್ನ ಧೈರ್ಯಕ್ಕೆ ಏನನ್ನಲಿ! ನಾಲ್ಕನೆಯ ಕಂತಿನಲ್ಲಿ ಎಡಕ್ಕೆ ತಿರುಗು ಅಂದರೆ ಏಣಿ ಬಲಕ್ಕೆ ತಿರುಗಿ, ಇಡೀ ಸಾಲಿಗೆ ಎದುರುಮುಖವಾಗಿ ನಿಂತು, 'ನೀವೆಲ್ಲ ಯಾಕೆ ಉಲ್ಟಾ ನಿಂತಿದ್ದೀರಿ?' ಎಂದು ಕೇಳಿದ್ದು ನಿನಗೆ ನೆನಪಿದೆಯಾ? ಆರನೆಯ ಕಂತಿನಲ್ಲಿ ಬಿಕ್ಕಳಿಕೆ ಹುಡುಗ ಎಷ್ಟು ಸಲ ಬಿಕ್ಕಿದ? ಹದಿನೇಳು. ಎಣಿಸಿದವಳು ನಾನು. ನಿನ್ನ ಲೈಬ್ರರಿಯವಳನ್ನು ಕೇಳು, ಗೊತ್ತಾ ನೋಡೋಣ. ಬಾಯಲ್ಲಿ ಸಂಗೀತ ನುಡಿಸುತ್ತಾಳಂತೆ. ಪ್ರೆಷರ್ ಕುಕ್ಕರೂ ನುಡಿಸುತ್ತದೆ.

ಇನ್ನು 'ನಿನ್ನ ಹಾಗೇ, ಸ್ವಲ್ಪ ಜಾಸ್ತಿ ನಗುತ್ತಾಳೆ'. ಆ ಸಾಲು ಓದಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಯಾವುದು ಗೊತ್ತಾ? ಎದುರು ಬೀದಿಯ ಲೆಕ್ಕದ ಮೇಷ್ಟರ ಕನ್ನಡಕ. ಎಡಗಣ್ಣಿನ ಗಾಜನ್ನು ಬಲಕ್ಕೂ ಬಲಗಣ್ಣಿನದನ್ನು ಎಡಕ್ಕೂ ಕೂಡಿಸಿಬಿಟ್ಟೆ. ಅವರು ಹಾಕಿಕೊಂಡು ಹೋಗಿ, ಹತ್ತೇ ನಿಮಿಷದಲ್ಲಿ ಗೋಡೆ ಹಿಡಿದುಕೊಂಡು ವಾಪಸು ಬಂದರು. 'ಏನಮ್ಮಾ ಇದು, ಮೆಟ್ಟಿಲೇ ನನ್ನ ಕಡೆಗೆ ಹತ್ತಿ ಬರ್ತಾ ಇದೆ!' ಎಂದರು. ಹದಿನೆಂಟು ವರ್ಷದ ಕೆಲಸದಲ್ಲಿ ಇಂಥ ತಪ್ಪು ಮಾಡಿದವಳಲ್ಲ ನಾನು. ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಿನ್ನ ಕಾಗದವನ್ನು ಸಾಣೆಯಂತ್ರದ ಕೆಳಗೆ ತುರುಕಿದೆ.

ಒಂದು ವಿಷಯ ಹೇಳು. ಕಂತು ಮುಗಿದ ಕೂಡಲೇ ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಹೇರ್‌ಪಿನ್ನಿನಿಂದ ಮುರಿಯುತ್ತಿದ್ದೆವಲ್ಲ, ಅದರ ಮೇಲೆ ಇನ್ನು ಯಾರೂ ಬೇರೆ ರೆಕಾರ್ಡ್ ಮಾಡಬಾರದೆಂದು? ಪಿನ್ನು ನಿನ್ನದು, ಕೈ ನನ್ನದು. ಮುರಿದ ಚೂರುಗಳನ್ನು ನಾನು ಬೆಂಕಿಪೊಟ್ಟಣದಲ್ಲಿ ಕೂಡಿಟ್ಟೆ. ಒಂಬತ್ತು ಚೂರು ಈಗಲೂ ಇವೆ. ಇದನ್ನು ನಿನ್ನ ಭಾನುವಾರದ ಜನರಿಗೆ ಹೇಳಿದ್ದೀಯಾ? ಹೇಳಿದ್ದರೆ ತಪ್ಪು. ಹೇಳದೇ ಇದ್ದರೆ ಇನ್ನೂ ದೊಡ್ಡ ತಪ್ಪು.

ಫೋನ್ ನಂಬರ್ ಮಾತ್ರ ಕಳುಹಿಸಬೇಡ. ಫೋನಿನಲ್ಲಿ ನಿನಗೆ ಬಾಯಿ ಬಿಡಲು ಕೊಟ್ಟರೆ ನನ್ನ ಸರದಿ ಬರುವುದು ಮುಂದಿನ ಜನ್ಮಕ್ಕೆ.

ನಿನ್ನ (ಈ ಪದ ಅಭ್ಯಾಸಬಲದಿಂದ ಬಂತು, ಹೊಡೆದುಹಾಕಿದೆ ಎಂದು ತಿಳಿ)
ಒಂಟೆ


ಮಾರ್ಚ್ ೨

ಒಂಟೆ,

ಲೈಬ್ರರಿಯವಳನ್ನು ಕೇಳಿದೆ. ಹದಿನಾರು ಎಂದಳು. 'ಹದಿನೇಳು, ಒಂಟೆ ಎಣಿಸಿದ್ದಾಳೆ' ಎಂದೆ. ಮುಖ ಸಣ್ಣದು ಮಾಡಿಕೊಂಡಳು. ಈಗ ಸಂತೋಷವಾಯಿತಾ?

ನಿನ್ನ ಕಾಗದವನ್ನು ಡ್ಯೂಟಿಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತಾ ಮೈಕ್ ಆರಿಸುವುದನ್ನು ಮರೆತೆ. 'ಪ್ರೆಷರ್ ಕುಕ್ಕರೂ ನುಡಿಸುತ್ತದೆ' ಎಂಬುದನ್ನು ಇಡೀ ನಿಲ್ದಾಣ ಕೇಳಿಸಿಕೊಂಡಿತು. ಮೇಲ್ವಿಚಾರಕರು ಓಡಿ ಬಂದು, 'ಅದು ಯಾವ ಕಡೆ ಹೋಗೋ ಬಸ್ಸಮ್ಮಾ?' ಎಂದು ಕೇಳಿದರು.

ಹೊಟ್ಟೆಕಿಚ್ಚು ಪಡುವುದಾದರೆ ಪಡು, ಅದು ನಿನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ. ಆದರೆ ನನ್ನ ಮೂರನೆಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ. ಗೇಣು ಮಾತಾಡಿದರೆ ನೀರಿನೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಇನ್ನೈದು ವರ್ಷ ಬಿಟ್ಟರೆ ಏಣಿ, ಗೇಣು ಎಂಬ ಇಬ್ಬರು ಇದ್ದರು ಎನ್ನುವುದಕ್ಕೆ ನಿನ್ನ ಬಾಯಿ, ನನ್ನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ. ನೀನು ಬಾಗಿಲಿಗೆಲ್ಲ ಹಣೆ ಹೊಡೆಸಿಕೊಳ್ಳುತ್ತಾ, ನಾನು ಕೊನೆಯ ಬೆಂಚಿನಿಂದ ಬೋರ್ಡೇ ಕಾಣದೆ ಒದ್ದಾಡುತ್ತಿದ್ದ ಆ ವರ್ಷ, ಪ್ರಪಂಚದಲ್ಲಿ ನಮ್ಮ ಹಾಗಿದ್ದವರು ಅವರಿಬ್ಬರೇ.

ಹತ್ತನೆಯದನ್ನಂತೂ ನಾನು ಆವತ್ತು ಟಿವಿಯಲ್ಲಿ ನೋಡಿದ್ದೇ ಕೊನೆ. ಊರು ಬಿಡುವ ಮುಂಚೆ ಒಂದು ಸಲ ಕೇಳೋಣ ಬಾ ಎಂದು ಎಷ್ಟು ಸಲ ಕರೆದೆ. ಟೇಪ್ ರೆಕಾರ್ಡರ್ ಕೆಟ್ಟಿದೆ ಎಂದೆ ನೀನು. ನಾವು ಹೊರಟ ದಿನ ವ್ಯಾನಿನಲ್ಲಿ ಕೂತು ನಿಮ್ಮ ಅಂಗಡಿಯ ಕಡೆಗೇ ನೋಡುತ್ತಿದ್ದೆ. ನೀನು ಬರಲಿಲ್ಲ.

ಈಗಲೂ ಕಾಯುತ್ತಿರುವ,
ಗುಬ್ಬಿ


ಮಾರ್ಚ್ ೧೩

ಗುಬ್ಬಿ,

ಹದಿನಾರಂತೆ! ಅಂಥವಳನ್ನು ಪುಸ್ತಕ ಎಣಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದಾರಲ್ಲ.

ಎರಡು, ನಾಲ್ಕು, ಆರು, ಎಂಟು ಕಳುಹಿಸಿದ್ದೇನೆ. ಒಂದೊಂದನ್ನೂ ಕನ್ನಡಕದ ಡಬ್ಬಿಯಲ್ಲಿಟ್ಟು ಸುತ್ತ ಹತ್ತಿ ತುಂಬಿದ್ದೇನೆ. ಗುಂಡಿ ನೀನೇ ಒತ್ತಬೇಕು, ಅವಳು ಮುಟ್ಟಕೂಡದು. ಎಂಟನೆಯದರ ನಡುವೆ ನಿಮ್ಮಮ್ಮ ಅಡುಗೆಮನೆಯಿಂದ 'ಒಂಟೇ, ಊಟ ಮಾಡ್ಕೊಂಡೇ ಹೋಗೇ' ಎಂದು ಕೂಗುವುದು ಕೇಳಿಸುತ್ತದೆ. ಅದನ್ನು ಮುಂದಕ್ಕೆ ಓಡಿಸಿಬಿಡಬೇಡ. ಧಾರಾವಾಹಿ ಎಲ್ಲರದೂ ಆಗಲಿ, ಆ ಮಾತು ನನ್ನದು.

ಹತ್ತನೆಯದು ಇಲ್ಲ. ಮನೆಗೆ ಬಣ್ಣ ಹೊಡೆಸುವಾಗ ಕಳೆದುಹೋಯಿತು. ಹೋದದ್ದು ಹೋಯಿತು, ಮತ್ತೆ ಮತ್ತೆ ಕೇಳಬೇಡ.

ನೀವು ಒಂಬತ್ತು ಜನ ಸುತ್ತಲೂ ಕೂರುತ್ತೀರೋ, ಸಾಲಾಗಿಯೋ? ಸುಮ್ಮನೆ ಕೇಳಿದೆ.

ಅವಳು ನಿನ್ನ ಪಕ್ಕದಲ್ಲೇ ಕೂರುತ್ತಾಳಾ?

ಕೆಲಸ ಬೇಕಾದಷ್ಟಿದೆ,
ಒಂಟೆ


ಏಪ್ರಿಲ್ ೮

ಒಂಟೆ,

ನಾಲ್ಕನ್ನೂ ಕೇಳಿದೆವು. ಗುಂಡಿ ನಾನೇ ಒತ್ತಿದೆ.

ಅಮ್ಮ ಹೋಗಿ ಆರು ವರ್ಷವಾಯಿತು. ನಿನಗೆ ಹೇಗೆ ಗೊತ್ತಿರಬೇಕು, ನಾನು ತಿಳಿಸಿರಲಿಲ್ಲ. ಎಂಟನೆಯ ಕ್ಯಾಸೆಟ್ಟಿನಲ್ಲಿ ಅವಳು ನಿನ್ನನ್ನು ಊಟಕ್ಕೆ ಕರೆದದ್ದನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಏಳು ಸಲ ಕೇಳಿದೆ. ನನ್ನನ್ನು ಕರೆಯಲೇ ಇಲ್ಲ ನೋಡು, ನಿನ್ನನ್ನೇ ಕರೆದಿದ್ದಾಳೆ. ಹೊಟ್ಟೆ ಉರಿಯಿತು. ಆ ಮಾತು ನಿನ್ನದು ಎಂದೆಯಲ್ಲ, ಅರ್ಧ ನನಗೂ ಕೊಡು.

ಹತ್ತನೆಯದು ಕಳೆದುಹೋಯಿತು ಎಂಬುದನ್ನು ನಾನು ನಂಬುವುದಿಲ್ಲ. ಪ್ಲಾಸ್ಟಿಕ್ ಚೂರನ್ನು ಬೆಂಕಿಪೊಟ್ಟಣದಲ್ಲಿ ಕಾಪಾಡಿದವಳು ಕ್ಯಾಸೆಟ್ ಕಳೆಯುತ್ತಾಳಾ? ಹದಿನೈದಕ್ಕೆ ಲೈಬ್ರರಿಯವಳಿಗೆ ನಿಮ್ಮೂರಿನಲ್ಲಿ ಏನೋ ತರಬೇತಿ ಇದೆ. ಅಂಗಡಿಗೆ ಬರುತ್ತಾಳೆ. ಅವಳ ಮೇಲೆ ಹರಿಹಾಯಬೇಡ.

ಹೌದು, ಪಕ್ಕದಲ್ಲೇ ಕೂರುತ್ತಾಳೆ.

ಗುಬ್ಬಿ


ಏಪ್ರಿಲ್ ೧೬

ಗುಬ್ಬಿ,

ನಿನ್ನವಳು ನಿನ್ನೆ ಬಂದಿದ್ದಳು. ಬರಲಿ, ಸರಿಯಾಗಿ ನಾಲ್ಕು ಬಿಗಿಯೋಣ ಎಂದು ಬೆಳಗಿನಿಂದ ಹಲ್ಲು ಮಸೆಯುತ್ತಾ ಕೂತಿದ್ದೆ. ಬಂದವಳನ್ನು ನೋಡಿದರೆ ನಿನಗಿಂತ ಗಿಡ್ಡ, ಕನ್ನಡಕದ ಒಂದು ಕಡ್ಡಿ ಮುರಿದು ದಾರ ಸುತ್ತಿಕೊಂಡಿದ್ದಾಳೆ. ನನ್ನ ಹಾಗೇ ಅಂದೆಯಲ್ಲ, ಮೊದಲು ನಿನ್ನ ಕಣ್ಣು ಪರೀಕ್ಷೆ ಮಾಡಬೇಕು.

ಕಡ್ಡಿ ಬದಲಾಯಿಸಿ ಕೊಡುತ್ತಾ 'ಹದಿನೇಳು' ಎಂದೆ. ಅವಳು ಕೈ ಮುಗಿದುಬಿಟ್ಟಳು. 'ಅಕ್ಕಾ, ದಯವಿಟ್ಟು ಬೇಡ. ಎರಡು ವರ್ಷದಿಂದ ನಿಮ್ಮ ಕಥೆ ಕೇಳೀ ಕೇಳೀ ಸಾಕಾಗಿದೆ. ನಾನು ನಕ್ಕರೆ, ಒಂಟೆ ಇದಕ್ಕೆಲ್ಲ ನಗ್ತಿರ್ಲಿಲ್ಲ ಅಂತಾಳೆ. ನಗದೇ ಇದ್ರೆ, ಒಂಟೆ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಳು ಅಂತಾಳೆ. ಒಂದ್ಸಲ ನಿಮ್ಮ ಮುಖ ನೋಡಿ ಜಗಳ ಆಡೋಣ ಅಂತ್ಲೇ ಬಂದೆ' ಎಂದಳು.

ನನ್ನ ಮೇಲೆ ಹೊಟ್ಟೆಕಿಚ್ಚು ಪಡುವವರೂ ಇದ್ದಾರೆ! ಎಂಥ ಖುಷಿಯಾಯಿತು ಅಂತೀಯಾ. ಟೀ ತರಿಸಿದೆ. ಬಿಸ್ಕತ್ತೂ ತರಿಸಿದೆ. ಆ ಖುಷಿಯಲ್ಲೇ ಮೈಮರೆತು, ಒಳಗೆ ಹೋಗಿ ಹತ್ತನೆಯ ಕ್ಯಾಸೆಟ್ ತಂದು ಮೇಜಿನ ಮೇಲಿಟ್ಟೆ. ಅವಳು ತಿರುಗಿಸಿ ನೋಡಿ, 'ಈ ತೂತಿಗೆ ಯಾಕಕ್ಕ ಕಾಗದ ತುರುಕಿದ್ದೀರಿ?' ಎಂದು ಕೇಳಿದಳು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ ನನಗೆ. ನಾಳೆ ಬಾ ಎಂದು ಕಳುಹಿಸಿದೆ. ಇವತ್ತು ಬಸ್ಸಿಗೆ ಮುಂಚೆ ಬರುತ್ತಾಳೆ. ಈ ಕಾಗದವನ್ನೂ ಕ್ಯಾಸೆಟ್ಟನ್ನೂ ಅವಳ ಕೈಗೇ ಕೊಡುತ್ತೇನೆ. ಅವಳಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ.

ಹತ್ತನೆಯ ಬುಧವಾರ ನೀನು ಔಷಧಿ ಅಂಗಡಿಯವರ ಮಗಳನ್ನು ಕರೆದಿದ್ದೆ. ಸೋಫಾದ ಮೇಲೆ ನಿನ್ನ ಪಕ್ಕದಲ್ಲಿ ಅವಳು ಕೂತಳು. ಒಂಬತ್ತು ವಾರ ನಾನು ಕೂತ ಜಾಗ ಅದು. ನಾನು ನೆಲದ ಮೇಲೆ, ಟೇಪ್ ರೆಕಾರ್ಡರಿನ ಜೊತೆ ಕೂತೆ. ಕಂತು ಮುಗಿದಾಗ ನೀನು ಪಿನ್ನನ್ನು ಅವಳ ಕೈಗೆ ಕೊಟ್ಟು, 'ಇವತ್ತು ನೀನು ಮುರಿ' ಎಂದೆ. ಚೂರು ನೆಲಕ್ಕೆ ಬಿತ್ತು. ಅವಳು ಹುಡುಕಲೂ ಇಲ್ಲ.

ಮರುದಿನ ಹೊಟ್ಟೆನೋವು ಎಂದು ಸ್ಕೂಲಿಗೆ ಚಕ್ಕರ್ ಹೊಡೆದು ಮನೆಯಲ್ಲಿ ಕೂತು ಕೇಳಿದೆ. ಕೊನೆಯಲ್ಲಿ, ಊರು ಬಿಟ್ಟು ಹೋಗುತ್ತಿರುವ ಗೇಣುವಿನ ವ್ಯಾನಿನ ಹತ್ತಿರ ಏಣಿ ಓಡಿ ಬರುವ ಕಡೆ, ನಿನ್ನ ದನಿ ಗಂಟೆ ಹೊಡೆದ ಹಾಗೆ ಕೇಳಿಸಿತು. 'ಏ, ಒಂಟೇನ ನೋಡೇ, ಅಳ್ತಿದ್ದಾಳೆ!' ಆಮೇಲೆ ನಿಮ್ಮಿಬ್ಬರ ನಗು. ಅವಳು ಮುರಿದ ತೂತಿಗೆ ಕಾಗದ ತುರುಕಿದರೆ ಮತ್ತೆ ರೆಕಾರ್ಡ್ ಆಗುತ್ತದೆಂದು ಗೊತ್ತಿತ್ತು. ತುರುಕಿ, ರೆಕಾರ್ಡ್ ಗುಂಡಿ ಒತ್ತಿದೆ. ಅರ್ಧ ಗಂಟೆ ಫ್ಯಾನಿನ ಸದ್ದು ತುಂಬಿಕೊಂಡಿತು. ಟಿವಿ ಕೇಂದ್ರದವರು ಅದರ ಬೆಲೆ ಗೊತ್ತಿಲ್ಲದೆ ಅಳಿಸಿದರು. ನಾನು ಗೊತ್ತಿದ್ದೂ ಅಳಿಸಿದೆ.

ಕೇಳೋಣ ಬಾ ಎಂದು ನೀನು ಕರೆದಾಗಲೆಲ್ಲ ತಪ್ಪಿಸಿಕೊಂಡದ್ದು ಅದಕ್ಕೇ. ನಿನ್ನ ಕಾಗದಕ್ಕೆ ಉತ್ತರಿಸದೇ ಇದ್ದದ್ದೂ ಅದಕ್ಕೇ, ಬರೆದರೆ ಹೇಳಬೇಕಾಗುತ್ತಿತ್ತು. ನೀವು ಹೊರಟ ದಿನ ನಾನು ಅಂಗಡಿಯಲ್ಲೇ ಇದ್ದೆ, ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡಿನ ಹಿಂದೆ. ನಿನ್ನ ವ್ಯಾನು ತಿರುವು ದಾಟುವ ತನಕ ಉಸಿರು ಬಿಡಲಿಲ್ಲ.

ಈಗ ಆ ಕ್ಯಾಸೆಟ್ಟಿನಲ್ಲಿರುವುದು ನಾನು. ನೀನು ಊರು ಬಿಟ್ಟ ವಾರವೇ ನಾನು ಕಂಬಳಿ ಹೊದ್ದು ಕೂತು ಇಡೀ ಕಂತನ್ನು ನೆನಪಿನಿಂದ ಹೇಳಿ ರೆಕಾರ್ಡ್ ಮಾಡಿದೆ. ಏಣಿಯೂ ನಾನೇ, ಗೇಣುವೂ ನಾನೇ, ಬಿಕ್ಕಳಿಕೆಯೂ ನಾನೇ. ತುಟಿ ನಡುಗಿಸಿ ವ್ಯಾನೂ ನಾನೇ ಆಗಿದ್ದೇನೆ. ನಡುವೆ ಅಣ್ಣ ಬಂದು 'ಯಾರ ಜೊತೆ ಜಗಳ ಆಡ್ತಿದ್ದೀಯೇ?' ಎನ್ನುವುದೂ ಇದೆ. ಅದೊಂದು ಬಿಟ್ಟರೆ ಒಂದು ಮಾತೂ ಆಚೀಚೆ ಆಗಿಲ್ಲ. ಇದ್ದದ್ದು ಇದ್ದ ಹಾಗೇ ಇದೆ. ಬೇಕಾದರೆ ಪರೀಕ್ಷೆ ಮಾಡಿ ನೋಡು.

ಇದನ್ನು ಓದಿದ ಮೇಲೆ ನೀನು ಬರೆಯದಿದ್ದರೂ ಸರಿ. ನೀನಾದರೆ ಇಪ್ಪತ್ತೆರಡು ವರ್ಷ ಕಾರಣ ತಿಳಿಯದೆ ಕೂತೆ. ನನಗೆ ಕಾರಣವಾದರೂ ಗೊತ್ತಿರುತ್ತದೆ.

ಹೆಜ್ಜೆ ತಪ್ಪಿದ,
ಒಂಟೆ


ಮೇ ೬

ಒಂಟೆ,

ಇಪ್ಪತ್ತು ದಿನ ಕಾಯಿಸಿದ್ದು ಬೇಕೆಂದೇ. ಇಪ್ಪತ್ತೆರಡು ವರ್ಷಕ್ಕೆ ಅಷ್ಟಾದರೂ ಸೇಡು ಬೇಡವೇ?

ಮೊದಲು ಸಿಟ್ಟು ನೆತ್ತಿಗೇರಿತು. ಎರಡು ದಿನ ಎಲ್ಲ ಬಸ್ಸುಗಳನ್ನೂ ಬೈದ ಹಾಗೇ ಕೂಗಿದೆ. ಆಮೇಲೆ ನನ್ನದೂ ನೆನಪಾಯಿತು. ಆ ಬುಧವಾರ ನನಗೂ ಅಳು ಬಂದಿತ್ತು ಕಣೇ. ಔಷಧಿ ಅಂಗಡಿಯವರ ಮಗಳ ಮುಂದೆ ಅತ್ತರೆ ಮರುದಿನ ಇಡೀ ಕ್ಲಾಸಿಗೆ ಸುದ್ದಿಯಾಗುತ್ತದೆ ಎಂದು ಹೆದರಿ, ಅವಳ ಕಣ್ಣನ್ನು ನಿನ್ನ ಕಡೆ ತಿರುಗಿಸಿಬಿಟ್ಟೆ. ಪಿನ್ನನ್ನು ಅವಳಿಗೆ ಕೊಟ್ಟದ್ದೂ ಅವಳನ್ನು ಮೆಚ್ಚಿಸಲಿಕ್ಕೇ. ಇಂಥ ಕೆಲಸ ಏಣಿ, ಗೇಣು ಇಬ್ಬರೂ ಯಾವತ್ತೂ ಮಾಡಲಿಲ್ಲ. ನನಗೆ ನಾಚಿಕೆಯಾಗುತ್ತದೆ.

ಮೊನ್ನೆ ಭಾನುವಾರ ನಿನ್ನ ಕ್ಯಾಸೆಟ್ಟನ್ನು ಎಲ್ಲರ ಮುಂದೆಯೇ ಹಾಕಿದೆ. ಬೇಡ ಎಂದು ನೀನು ಬರೆದಿರಲಿಲ್ಲ. ನಿನ್ನ ಬಿಕ್ಕಳಿಕೆಗೆ ಜನ ಹೊಟ್ಟೆ ಹಿಡಿದುಕೊಂಡರು. ನಿಮ್ಮ ಅಣ್ಣನಿಗಂತೂ ಚಪ್ಪಾಳೆಯೇ ಬಿತ್ತು. ನಿನ್ನ ನೆನಪನ್ನು ಒಪ್ಪಲೇಬೇಕು, ಮಾತಿಗೆ ಮಾತು ಸರಿಯಾಗಿತ್ತು. ಕೊನೆಯ ತನಕ.

ಕೊನೆಯಲ್ಲಿ ಏಣಿ ವ್ಯಾನಿನ ಹತ್ತಿರ ಓಡಿ ಬರುತ್ತಾಳಲ್ಲ. ನಿನ್ನ ಕ್ಯಾಸೆಟ್ಟಿನಲ್ಲಿ ಅವಳು ಏದುಸಿರು ಬಿಡುತ್ತಾ ಹೇಳುತ್ತಾಳೆ, 'ಹೋಗ್ಬೇಡ ಕಣೇ. ನೀನು ಹೋದ್ರೆ ನಾನು ಯಾರ ಪಕ್ಕ ಕೂತ್ಕೊಳ್ಳಲಿ?'

ಒಂಟೆ, ಆ ಮಾತು ಆ ಕಂತಿನಲ್ಲಿ ಇರಲಿಲ್ಲ. ಏಣಿ ಬಗ್ಗಿ, ಗೇಣುವಿನ ಬಿಚ್ಚಿಹೋದ ಶೂ ದಾರವನ್ನು ಕಟ್ಟುತ್ತಾಳೆ. ವ್ಯಾನು ಹೊರಡುತ್ತದೆ. ಅಷ್ಟೇ. ಒಂದೇ ಒಂದು ಮಾತಿಲ್ಲ. ನನ್ನ ದನಿ ಗಂಟೆ ಹೊಡೆದ ಹಾಗೆ ಕೇಳಿಸಿತು ಎಂದು ಬರೆದಿದ್ದೀಯಲ್ಲ, ಅಲ್ಲಿ ಬೇರೆ ಯಾರೂ ಮಾತಾಡುತ್ತಿರಲಿಲ್ಲ, ಅದಕ್ಕೇ ಕೇಳಿಸಿದ್ದು.

ನಾನು ತಿದ್ದಲಿಲ್ಲ. ಉಳಿದವರು ಮರೆತಿದ್ದರೋ ಏನೋ, ಕಣ್ಣು ಒರೆಸಿಕೊಳ್ಳುತ್ತಿದ್ದರು. ಲೈಬ್ರರಿಯವಳು ಮಾತ್ರ ನನ್ನ ಮುಖ ನೋಡಿದಳು. ನೋಡಿ, ಎದ್ದು ಆ ಕೊನೆಯ ಕುರ್ಚಿಗೆ ಹೋಗಿ ಕೂತಳು.

ಮುಂದಿನ ಸಲ ಸೇರುವುದು ಜೂನ್ ಮೊದಲ ಭಾನುವಾರ. ಶನಿವಾರ ಸಂಜೆಯ ಬಸ್ಸಿಗೆ ಬಾ, ಅದನ್ನು ಕೂಗುವವಳು ನಾನೇ. ಬೆಂಕಿಪೊಟ್ಟಣ ತರುವುದನ್ನು ಮರೆಯಬೇಡ. ನನ್ನ ಪಕ್ಕದ ಕುರ್ಚಿಯ ಮೇಲೆ ನನ್ನ ಚೀಲ ಇಟ್ಟಿರುತ್ತೇನೆ. ಯಾರು ಕೇಳಿದರೂ ತೆಗೆಯುವುದಿಲ್ಲ.

ನಿನ್ನ (ಹೊಡೆದುಹಾಕಿಲ್ಲ)
ಗುಬ್ಬಿ


ಮೇ ೧೩

ಗುಬ್ಬಿ,

ಚೀಲ ದೊಡ್ಡದಿರಲಿ. ಆ ಗಿಡ್ಡಿಗೆ ಎತ್ತಿಡಲಾಗದಷ್ಟು ಭಾರವೂ ಇರಲಿ.

ನಿನ್ನ
ಒಂಟೆ